ಗುಂಡ್ಲುಪೇಟೆಯಲ್ಲೊಂದು ಸೆಕೆಂಡ್‌ಹ್ಯಾಂಡ್ ಕಾರು: ದುಡ್ಡು ಕೊಡುವ ಮುನ್ನ ಏನೇನು ನೋಡಬೇಕು?

"ಗಾಡಿ ಬೆಣ್ಣ ಇದ್ದಂಗ ಅದ ಕನಣ್ಣ. ಒಂದ್ಸಲ ಬಂದು ನೋಡ್ಬುಡು, ಸಾಕು."

ಗುಂಡ್ಲುಪೇಟೆಯಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದಾಗ ನಾನು ಬೆಂಗಳೂರಿನಲ್ಲಿ ಒಂದು ಲೇಖನ ಮುಗಿಸುವ ಗಡಿಬಿಡಿಯಲ್ಲಿದ್ದೆ. ಅರಿಶಿನ ಮಾರಿದ ದುಡ್ಡು ಅವನ ಕೈಯಲ್ಲಿತ್ತು. ಚಿಕ್ಕಮ್ಮನಿಗೆ ಹೃದಯದ ತೊಂದರೆ. ತಿಂಗಳಿಗೆ ಎರಡು ಸಲ ಮೈಸೂರಿಗೆ ಹೋಗಬೇಕು, ಒಂದು ಕಡೆಗೆ ಸುಮಾರು 60 ಕಿಲೋಮೀಟರ್. ಹೋಗುವಾಗ ಬಸ್ಸು ಸಿಗುತ್ತೆ. ತಪಾಸಣೆ, ಔಷಧಿ ಎಲ್ಲ ಮುಗಿಸಿ ಗುಂಡ್ಲುಪೇಟೆಗೆ ವಾಪಸ್ ಬರೋ ಹೊತ್ತಿಗೆ ಹಳ್ಳಿಗೆ ಹೋಗುವ ಕಡೇ ಬಸ್ಸು ಹೊರಟುಹೋಗಿರುತ್ತೆ. ಅಲ್ಲಿಂದ ಮುಂದಕ್ಕೆ ಆಟೋ, ಇಲ್ಲಾಂದ್ರೆ ಯಾರದೋ ಬೈಕು. ಆದ್ದರಿಂದ ಕಾರು. ಡೀಸೆಲ್ ಹ್ಯಾಚ್‌ಬ್ಯಾಕ್, ಕೇರಳ ನಂಬರ್, ಬೆಲೆ 2 ಲಕ್ಷ 60 ಸಾವಿರ.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಆಮೇಲೆ ಪತ್ರಿಕೋದ್ಯಮಕ್ಕೆ ಬಂದವನು. ಮನೆಯವರ ಪ್ರಕಾರ ಆ ಡಿಗ್ರಿಯಿಂದ ಇವತ್ತಿಗೂ ಇರುವ ಒಂದೇ ಉಪಯೋಗ ಅಂದ್ರೆ ಇಂಥ ಗಾಡಿ ನೋಡೋಕೆ ಹೋಗೋದು. ಹೋದೆ. ಬಾಡಿ ಹೊಳೀತಿತ್ತು, ಒಳಗೆ ಮಲ್ಲಿಗೆ ಪರ್ಫ್ಯೂಮು ಘಮ್ ಅಂತಿತ್ತು. ಡ್ರೈವರ್ ಸೀಟಿನ ಬೆಲ್ಟನ್ನು ಪೂರ್ತಿ ಹೊರಗೆ ಎಳೆದೆ. ಕೊನೆಯ ಒಂದು ಮೊಳದಷ್ಟು ಬಟ್ಟೆಯ ಮೇಲೆ ಕಂದು ಬಣ್ಣದ ಕರೆ, ಅದರ ಮೇಲೆ ಒಣಗಿದ ಮಣ್ಣಿನ ಪುಡಿ. ಆ ಕಾರು ಎಲ್ಲೋ ಒಂದು ಕಡೆ ನೀರಲ್ಲಿ ಮುಳುಗಿತ್ತು. ಅದನ್ನು ಅಲ್ಲೇ ಬಿಟ್ಟು ಬಂದೆವು.

ಅವತ್ತಿನಿಂದ ಪರಿಚಯದವರು ಹಲವರು ಕೇಳಿದ್ದಾರೆ: "ಏನೇನು ನೋಡ್ಬೇಕು ಅಂತ ಒಂದ್ಕಡೆ ಬರ್ದಿಡಿ." ಈ ಬರಹ ಅದಕ್ಕಾಗಿ.

ರಾಜಕೀಯ ಓದುವವರಿಗೆ ಕಾರಿನ ವಿಷಯ ಯಾಕೆ?

ಕಾರು ಅಂದ್ರೆ ಶೋಕಿ ಅನ್ನೋದು ನಗರದವರ ಮಾತು. 1997ರಲ್ಲಿ ಮೈಸೂರಿನಿಂದ ಬೇರೆಯಾದ ಚಾಮರಾಜನಗರ ಜಿಲ್ಲೆಯಲ್ಲಿ ರೈಲು ಜಿಲ್ಲಾ ಕೇಂದ್ರಕ್ಕೆ ಬಂದು ನಿಂತುಬಿಡುತ್ತೆ. ಗುಂಡ್ಲುಪೇಟೆಗೆ ರೈಲೇ ಇಲ್ಲ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳ ಟಿಕೆಟ್ ದುಡ್ಡು ಉಳಿಸಿತು, ಅದು ದೊಡ್ಡ ಕೆಲಸ. ಆದರೆ ಇಲ್ಲದ ಬಸ್ಸಿನಲ್ಲಿ ಉಚಿತ ಟಿಕೆಟ್ ಇಟ್ಟುಕೊಂಡು ಏನು ಮಾಡೋದು? ಸಾರ್ವಜನಿಕ ಸಾರಿಗೆ ಎಲ್ಲಿ ಮುಗಿಯುತ್ತೋ ಅಲ್ಲಿ ಸೆಕೆಂಡ್‌ಹ್ಯಾಂಡ್ ಕಾರಿನ ಮಾರುಕಟ್ಟೆ ಶುರುವಾಗುತ್ತೆ. ಒಂದು ಕುಟುಂಬ ಎರಡು ವರ್ಷದ ಉಳಿತಾಯವನ್ನು ಒಂದೇ ಮಧ್ಯಾಹ್ನ, ಕಣ್ಣಂದಾಜಿನ ಮೇಲೆ, ಇನ್ನೊಬ್ಬನ ಕೈಗೆ ಕೊಡುತ್ತೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಹಳೇ ಕಾರಿನ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ತಗೊಂಡಿದ್ದರು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಸಾರಾಂಶ ಇಷ್ಟೇ: ಗಾಡಿಯ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಗಾಡಿಯನ್ನೂ ಅನುಮಾನಿಸಿ ಕಡಿಮೆ ಬೆಲೆ ಕೇಳ್ತಾನೆ. ಒಳ್ಳೇ ಗಾಡಿ ಇರುವವನು ಆ ಬೆಲೆಗೆ ಮಾರಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಹುಳುಕೇ ಉಳಿಯುತ್ತೆ. ಇದಕ್ಕೆ ಔಷಧಿ ಒಂದೇ, ಮಾಹಿತಿ. ಕೆಳಗಿರೋದೆಲ್ಲ ಅದನ್ನು ಪಡೆಯುವ ದಾರಿ.

ಮೊದಲು ಕಾಗದ, ಆಮೇಲೆ ಬಾನೆಟ್

ನಮ್ಮಲ್ಲಿ ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ಆದರೆ ಕೆಟ್ಟ ಇಂಜಿನ್ನನ್ನು ದುಡ್ಡು ಕೊಟ್ಟು ಸರಿ ಮಾಡಿಸಬಹುದು, ಕೆಟ್ಟ ಕಾಗದವನ್ನು ಎಷ್ಟೋ ಸಲ ಸರಿ ಮಾಡಿಸೋಕೇ ಆಗಲ್ಲ. ಗಾಡಿ ನೋಡಲು ಹೋಗುವ ಮೊದಲೇ ನಂಬರ್ ಕೇಳಿ, ಪರಿವಾಹನ್ ವೆಬ್‌ಸೈಟ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ನೋಡಬೇಕಾದದ್ದು ಇವು:

ಒಂದು, ಮಾಲೀಕರ ಕ್ರಮಸಂಖ್ಯೆ. "ಫಸ್ಟ್ ಓನರ್" ಅಂದವನ ಗಾಡಿ ಅಲ್ಲಿ ಮೂರನೇ ಓನರ್ ಅಂತ ತೋರಿಸಿದರೆ ಮಾತು ಅಲ್ಲಿಗೇ ಮುಗೀತು.

ಎರಡು, ಹೈಪೋಥಿಕೇಶನ್. ಬ್ಯಾಂಕ್ ಅಥವಾ ಫೈನಾನ್ಸ್ ಹೆಸರು ಇದ್ದರೆ ಸಾಲ ಬಾಕಿ ಇದೆ, ಇಲ್ಲವೇ ತೀರಿದ ಮೇಲೂ ತೆಗೆಸಿಲ್ಲ. ಫಾರಂ 35 ಮತ್ತು ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. "ನಾಳೆ ತೆಗೆಸಿಕೊಡ್ತೀನಿ" ಅನ್ನುವ ನಾಳೆ ಬರೋದಿಲ್ಲ.

ಮೂರು, ನೋಂದಣಿಯ ಅವಧಿ. ಸ್ವಂತ ಬಳಕೆಯ ಕಾರಿಗೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಈ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಅದು 10,000 ಆಯಿತು. 14 ವರ್ಷದ ಕಾರು ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡುವ ಮೊದಲು ಇದನ್ನು ಲೆಕ್ಕಕ್ಕೆ ಸೇರಿಸಿ.

ನಾಲ್ಕು, ಬಾಕಿ ದಂಡ ಮತ್ತು ಬ್ಲ್ಯಾಕ್‌ಲಿಸ್ಟ್. ಇ-ಚಲನ್‌ನಲ್ಲಿ ನೋಡಿ. ಕಳವಾದ ಗಾಡಿಯೋ ಅಂತ ತಿಳಿಯಲು ಎನ್‌ಸಿಆರ್‌ಬಿಯ 'ವಾಹನ್ ಸಮನ್ವಯ್' ಸೇವೆಯಿದೆ.

ಐದು, ವಿಮೆ. ಪಾಲಿಸಿಯ ಪ್ರತಿಯಲ್ಲಿ 'ನೋ ಕ್ಲೇಮ್ ಬೋನಸ್' ಎಷ್ಟಿದೆ ನೋಡಿ. ಸತತ ಐದು ವರ್ಷ ಕ್ಲೇಮ್ ಮಾಡದಿದ್ದರೆ ಅದು ಶೇ. 50 ಆಗುತ್ತೆ. ಒಬ್ಬನೇ ಮಾಲೀಕನ ಬಳಿ ಆರೇಳು ವರ್ಷ ಇದ್ದ ಕಾರಿಗೆ ಬೋನಸ್ ಸೊನ್ನೆ ಇದ್ದರೆ ಇತ್ತೀಚೆಗೆ ಏನೋ ಆಗಿದೆ ಅಂತ ಅರ್ಥ. ಏನಾಯ್ತು ಅಂತ ನೇರವಾಗಿ ಕೇಳಿ.

ಗಾಡಿಯ ಮುಂದೆ ನಿಂತಾಗ ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಲೋಹದ ಮೇಲೆ ಕೊರೆದದ್ದಕ್ಕೆ ಒಂದೊಂದೇ ಅಕ್ಷರ ಹೋಲಿಸಿ. ಉಜ್ಜಿದ ಗುರುತು, ಸುತ್ತಲೂ ಹೊಸ ಪೇಂಟ್, ಅಂಕಿಗಳ ಸಾಲು ಸೊಟ್ಟ ಇದ್ದರೆ ಮಾತಾಡದೆ ಹೊರಟುಬಿಡಿ.

ಮೂರು ರಾಜ್ಯದ ನಂಬರ್ ಪ್ಲೇಟು

ಗುಂಡ್ಲುಪೇಟೆ ಮೂರು ರಾಜ್ಯಗಳ ಕೂಡುದಾರಿ. ರಾಷ್ಟ್ರೀಯ ಹೆದ್ದಾರಿ 766 ವಯನಾಡಿಗೆ, 181 ಊಟಿಗೆ. ಅತ್ತ ಚಾಮರಾಜನಗರದಿಂದ 948 ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ. ಹಾಗಾಗಿ ಇಲ್ಲಿ ಮಾರಾಟಕ್ಕೆ ಬರುವ ಗಾಡಿಗಳಲ್ಲಿ ನಮ್ಮ ಕೆಎ-10, ಮೈಸೂರಿನ ಕೆಎ-09 ಮತ್ತು ಕೆಎ-55ರ ಜೊತೆ ವಯನಾಡಿನ ಕೆಎಲ್-12, ನೀಲಗಿರಿಯ ಟಿಎನ್-43 ಕೂಡ ಕಣ್ಣಿಗೆ ಬೀಳುತ್ತವೆ.

ಹೊರರಾಜ್ಯದ ಗಾಡಿ 50–60 ಸಾವಿರ ಕಡಿಮೆಗೆ ಸಿಕ್ಕರೆ ಲಾಭ ಅನ್ಸುತ್ತೆ. ಪೂರ್ತಿ ಲೆಕ್ಕ ಹಾಕಿ. ಮೂಲ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಬೇಕು, ಅದಕ್ಕೆ ಫಾರಂ 27. ಜೊತೆಗೆ ಕರ್ನಾಟಕದ ಜೀವಿತಾವಧಿ ತೆರಿಗೆ. ಹೊಸ ಕಾರಿಗೆ ಅದು ಬೆಲೆಯ ಶೇ. 13ರಿಂದ 18, ದೇಶದಲ್ಲೇ ದುಬಾರಿ ದರಗಳಲ್ಲೊಂದು. ಹಳೇ ಕಾರಿಗೆ ವಯಸ್ಸು ನೋಡಿ ಕಡಿಮೆ ಮಾಡ್ತಾರೆ, ಆದರೆ ಲೆಕ್ಕ ಹಾಕೋದು ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸದಿದ್ದಾಗಿನ ಬೆಲೆಯ ಮೇಲೆ. ಎಷ್ಟಾಗುತ್ತೆ ಅಂತ ಆರ್‌ಟಿಒದಲ್ಲೇ ಕೇಳಿ ತಿಳಿದುಕೊಂಡು, ಆ ಮೊತ್ತವನ್ನು ಗಾಡಿಯ ಬೆಲೆಗೆ ಸೇರಿಸಿ ನೋಡಿ. ಬಹುತೇಕ ಸಲ ಕೆಎ-10 ಗಾಡಿಯೇ ಅಗ್ಗ.

ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ ಡಿಎಲ್ ನಂಬರಿನ ದೊಡ್ಡ ಗಾಡಿಗಳೂ ಚಿಲ್ಲರೆ ಬೆಲೆಗೆ ದಕ್ಷಿಣಕ್ಕೆ ಬಂದಿವೆ. ಅವಕ್ಕೂ ಇದೇ ಲೆಕ್ಕ.

ಇನ್ನೊಂದು ಸ್ಥಳೀಯ ವಿಷಯ. ಬಂಡೀಪುರದ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಗಡಿಯಾಚೆಯಿಂದ ಬಂದ ಮಾರಾಟಗಾರ "ಗೇಟ್ ಮುಚ್ಚುತ್ತೆ, ಬೇಗ ಹೇಳಿ" ಅಂತ ಅವಸರ ಮಾಡಬಹುದು. ಅದು ಅವರ ಅವಸರ, ನಿಮ್ಮದಲ್ಲ. ಗಾಡಿಯನ್ನು ಬೆಳಿಗ್ಗೆ ಬಿಸಿಲಲ್ಲೇ ನೋಡಿ. ಸಂಜೆ ಬೆಳಕು ಮತ್ತು ಮಳೆನೀರು ಎರಡೂ ಪೇಂಟಿನ ತಪ್ಪನ್ನು ಮುಚ್ಚುತ್ತವೆ.

ಬಾಡಿ ಹೇಳುವ ಕತೆ

ಗಾಡಿಯಿಂದ ಎಂಟು ಹತ್ತು ಅಡಿ ದೂರ ನಿಂತು ಪಕ್ಕದಿಂದ ನೋಡಿ. ಬಾಗಿಲು, ಬಾನೆಟ್, ಡಿಕ್ಕಿಗಳ ನಡುವಿನ ಸಂದು ಎರಡೂ ಬದಿಯಲ್ಲಿ ಒಂದೇ ಅಗಲ ಇರಬೇಕು. ಬಾಗಿಲಿನ ಕೀಲು ಮತ್ತು ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ತಿರುಗಿಸಿದ ಗಾಯ ಇದ್ದರೆ ಅದನ್ನು ಯಾರೋ ಬಿಚ್ಚಿದ್ದಾರೆ. ಬಾಗಿಲ ಅಂಚಿನ ರಬ್ಬರ್ ಬೀಡಿಂಗನ್ನು ಸ್ವಲ್ಪ ಎಳೆದರೆ ಕಾರ್ಖಾನೆಯ ಸ್ಪಾಟ್ ವೆಲ್ಡಿಂಗ್ ಗುಂಡಗಿನ ಗುಳಿಗಳಾಗಿ ಸಾಲಾಗಿ ಕಾಣುತ್ತೆ. ಸಾಲು ತಪ್ಪಿದರೆ, ಒರಟಾದ ವೆಲ್ಡಿಂಗ್ ಕಂಡರೆ, ಆ ಕಂಬ ಅಪಘಾತದಲ್ಲಿ ಬಾಗಿತ್ತು. ಒಂದು ಪುಟ್ಟ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ತಗಡಿನ ಭಾಗಗಳ ಮೇಲೆ ಆಡಿಸಿ. ಪುಟ್ಟಿ ತುಂಬಿದ ಕಡೆ ಅದು ಹಿಡಿಯಲ್ಲ.

ಬಂಪರ್ ತರಚಿದ್ದು, ಬಾಗಿಲಿಗೆ ಪೇಂಟ್ ಮಾಡಿದ್ದು ದೊಡ್ಡ ಅಪರಾಧವಲ್ಲ. ಚಾಸಿ, ಕಂಬ, ಇಂಜಿನ್ ಮುಂದಿನ ಅಡ್ಡಪಟ್ಟಿ ಬಾಗಿ ನೆಟ್ಟಗಾಗಿದ್ದರೆ ಆ ಗಾಡಿ ಬೇಡ. ಮುಂದಿನ ಅಪಘಾತದಲ್ಲಿ ಅದು ನಿಮ್ಮನ್ನು ಕಾಯಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತೆ. 3521 ಅಂದ್ರೆ 2021ರ 35ನೇ ವಾರ ತಯಾರಾದದ್ದು. ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಸಸ್ಪೆನ್ಷನ್ ಅಥವಾ ಅಲೈನ್‌ಮೆಂಟ್ ತೊಂದರೆ. ನಾಲ್ಕೂ ಟೈರು ಬದಲಾಯಿಸಬೇಕಿದ್ದರೆ ಆ ಖರ್ಚನ್ನು ಬೆಲೆಯಿಂದ ಕಳೀರಿ.

ಮುಳುಗಿದ ಗಾಡಿ

2018 ಮತ್ತು 2019ರ ಮಳೆಯಲ್ಲಿ ಕೇರಳ, ಕೊಡಗು ಮುಳುಗಿದಾಗ ಕಾರುಗಳೂ ಮುಳುಗಿದವು. ಬೆಂಗಳೂರಿನ ಬಡಾವಣೆಗಳ ನೆಲಮಾಳಿಗೆಗಳೂ 2022ರಲ್ಲಿ ಕೆರೆಯಾಗಿದ್ದವು. ವಿಮಾ ಕಂಪನಿ ಪೂರ್ತಿ ನಷ್ಟ ಅಂತ ಪರಿಹಾರ ಕೊಟ್ಟ ಗಾಡಿಗಳೂ ಹರಾಜಾಗಿ, ತೊಳೆದು, ಒರೆಸಿ ಮತ್ತೆ ರಸ್ತೆಗೆ ಬರುವುದುಂಟು. ಮುಳುಗಿದ ಗಾಡಿ ಮೊದಲ ಆರು ತಿಂಗಳು ಚೆನ್ನಾಗೇ ಓಡಬಹುದು. ಆಮೇಲೆ ವೈರಿಂಗ್ ಕನೆಕ್ಟರ್‌ಗಳು ಒಳಗೊಳಗೇ ಹಸಿರುಗಟ್ಟಿ ಒಂದೊಂದಾಗಿ ಕೈಕೊಡುತ್ತವೆ. ಏರ್‌ಬ್ಯಾಗ್ ಕೆಲಸ ಮಾಡುತ್ತೋ ಇಲ್ಲವೋ ಅನ್ನೋದು ಡಿಕ್ಕಿಯಾದಾಗಲೇ ಗೊತ್ತಾಗೋದು.

ಪತ್ತೆ ಹಚ್ಚೋದು ಕಷ್ಟವಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಎಳೆಯಿರಿ. ಸೀಟಿನ ಕೆಳಗಿನ ಹಳಿಗಳಲ್ಲಿ, ಸ್ಟೆಪ್ನಿಯ ಗುಂಡಿಯಲ್ಲಿ, ಕಾರ್ಪೆಟ್ಟಿನ ಅಡಿಯಲ್ಲಿ ನುಣುಪಾದ ಮಣ್ಣು ಇದೆಯೇ ನೋಡಿ. ಡ್ಯಾಶ್‌ಬೋರ್ಡಿನ ಕೆಳಗಿನ ಸ್ಕ್ರೂಗಳು ತುಕ್ಕು ಹಿಡಿದಿವೆಯೇ? ಹೆಡ್‌ಲೈಟ್ ಒಳಗೆ ನೀರಿನ ಗೆರೆ ಇದೆಯೇ? ಗಾಜು ಏರಿಸಿ ಹತ್ತು ನಿಮಿಷ ಬಿಸಿಲಲ್ಲಿ ಬಿಟ್ಟು ಬಾಗಿಲು ತೆಗೆದರೆ ಮುಗ್ಗಲು ವಾಸನೆ ಬರುತ್ತಾ? ಪರ್ಫ್ಯೂಮು ಜಾಸ್ತಿ ಇದ್ದಷ್ಟೂ ಅನುಮಾನ ಜಾಸ್ತಿ ಇರಲಿ.

ಇಂಜಿನ್: ತಣ್ಣಗಿರುವಾಗಲೇ

ನೀವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಕೋಲ್ಡ್ ಸ್ಟಾರ್ಟಿನ ತೊಂದರೆ ಮುಚ್ಚಿಡುತ್ತಿರಬಹುದು.

ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿ. ಡೀಸೆಲ್ ಗಾಡಿಯಲ್ಲಿ ಕಪ್ಪಗಿರೋದು ಸಹಜ. ಆದರೆ ಆಯಿಲ್ ಕ್ಯಾಪಿನ ಒಳಗೆ ಹಾಲು ಕಾಫಿಯಂಥ ಕೆನೆ ಇದ್ದರೆ ಆಯಿಲಿಗೆ ನೀರು ಸೇರಿದೆ ಅನ್ನೋದರ ಸೂಚನೆ. ಕೂಲೆಂಟ್ ಮೇಲೆ ಎಣ್ಣೆ ತೇಲಿದರೂ ಅದೇ ಅನುಮಾನ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಸ್ಟಾರ್ಟ್ ಮಾಡಿಸಿ, ಹಿಂದೆ ನಿಂತು ಹೊಗೆ ನೋಡಿ. ನೀಲಿ ಹೊಗೆ ಅಂದ್ರೆ ಆಯಿಲ್ ಸುಡ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಸುಡ್ತಿರಬಹುದು. ಡೀಸೆಲ್ಲಿನಲ್ಲಿ ದಟ್ಟ ಕಪ್ಪು ಹೊಗೆ ಬಂದರೆ ಇಂಜೆಕ್ಟರ್ ಅಥವಾ ಟರ್ಬೊ ಕಡೆ ನೋಡಿಸಿ.

ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಇಂಜಿನ್, ಎಬಿಎಸ್, ಏರ್‌ಬ್ಯಾಗ್ ದೀಪಗಳು ಹತ್ತಿ, ಆಮೇಲೆ ಆರಬೇಕು. ಆರದಿದ್ದರೆ ತೊಂದರೆ. ಹತ್ತೇ ಇಲ್ಲ ಅಂದ್ರೆ ಇನ್ನೂ ದೊಡ್ಡ ತೊಂದರೆ, ಬಲ್ಬನ್ನೇ ಕಿತ್ತಿರಬಹುದು. ಸುಮಾರು ಸಾವಿರ ರೂಪಾಯಿಗೆ ಸಿಗುವ ಬ್ಲೂಟೂತ್ ಒಬಿಡಿ ಸ್ಕ್ಯಾನರನ್ನು ಫೋನಿಗೆ ಜೋಡಿಸಿದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷಗಳು ಕಾಣುತ್ತವೆ. ಎಲ್ಲ ಪರೀಕ್ಷೆಯೂ 'ಅಪೂರ್ಣ' ಅಂತ ತೋರಿಸಿದರೆ ಯಾರೋ ಇತ್ತೀಚೆಗೆ ದೋಷಗಳನ್ನು ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಬಿಚ್ಚಿರಬಹುದು.

ಪೆಟ್ರೋಲ್ ಕಾರು ಕೊಳ್ಳುವವರು ಒಂದು ನೆನಪಿಡಿ. ಈಗ ಬಂಕಿನಲ್ಲಿ ಸಿಗೋದು ಶೇ. 20 ಎಥೆನಾಲ್ ಬೆರೆತ ಇ-20. 2023ಕ್ಕಿಂತ ಹಿಂದಿನ ಹಲವು ಗಾಡಿಗಳು ಅದಕ್ಕಾಗಿ ತಯಾರಾದವಲ್ಲ. ಇಂಧನದ ರಬ್ಬರ್ ಪೈಪು ಬಿರುಕು ಬಿಟ್ಟಿದೆಯೇ ನೋಡಿಸಿ.

ಓಡಿಸಿ ನೋಡುವುದು

ಊರೊಳಗೆ ಒಂದು ಸುತ್ತು ಸಾಲದು. ತೆರಕಣಾಂಬಿ ಕಡೆಗೋ ಬೇಗೂರು ಕಡೆಗೋ ಕನಿಷ್ಠ 15 ಕಿಲೋಮೀಟರ್ ಓಡಿಸಿ. ಸಂಗೀತ ಬೇಡ, ಎಸಿ ಆಮೇಲೆ. ನೇರ ರಸ್ತೆಯಲ್ಲಿ ಸ್ಟೇರಿಂಗನ್ನು ಹಗುರವಾಗಿ ಹಿಡಿದರೆ ಗಾಡಿ ಒಂದು ಕಡೆಗೆ ಎಳೀತದಾ? ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗ್ತದಾ? ಹಂಪಿನ ಮೇಲೆ ಲಟಕ್ ಅಂತದಾ?

ಕ್ಲಚ್ ಪರೀಕ್ಷೆಗೆ ಸಮತಟ್ಟು ಜಾಗದಲ್ಲಿ, ಮುಂದೆ ಯಾರೂ ಇಲ್ಲದಾಗ ಹ್ಯಾಂಡ್‌ಬ್ರೇಕ್ ಹಾಕಿ, ಮೂರನೇ ಗೇರಿನಲ್ಲಿ ನಿಧಾನಕ್ಕೆ ಕ್ಲಚ್ ಬಿಡಿ. ಇಂಜಿನ್ ತಕ್ಷಣ ನಿಂತರೆ ಕ್ಲಚ್ ಚೆನ್ನಾಗಿದೆ. ನಿಲ್ಲದೆ ಗುರ್‌ಗುಡುತ್ತಲೇ ಇದ್ದರೆ ಸವೆದಿದೆ. 27 ಹೇರ್‌ಪಿನ್ ತಿರುವುಗಳ ದಿಂಬಂ ಘಾಟಿಯಲ್ಲಿ ದಿನಾ ಓಡಾಡಿದ ಗಾಡಿಯಾಗಿದ್ದರೆ ಕ್ಲಚ್ಚು, ಬ್ರೇಕು ಎರಡನ್ನೂ ಮೆಕ್ಯಾನಿಕ್ಕಿನ ಕೈಲಿ ನೋಡಿಸಿ.

ಮೀಟರನ್ನು ನಂಬಬೇಡಿ, ಲ್ಯಾಪ್‌ಟಾಪ್ ಇದ್ದವನು ಅದನ್ನು ಹಿಂದಕ್ಕೆ ತಿರುಗಿಸಬಲ್ಲ. 40 ಸಾವಿರ ಕಿಲೋಮೀಟರ್ ತೋರಿಸುವ ಕಾರಿನ ಬ್ರೇಕ್ ಪೆಡಲ್ಲಿನ ರಬ್ಬರು ನುಣ್ಣಗಾಗಿದ್ದರೆ, ಸ್ಟೇರಿಂಗ್ ಹೊಳೀತಿದ್ದರೆ, ಸೀಟಿನ ಅಂಚು ಕುಸಿದಿದ್ದರೆ ಲೆಕ್ಕ ತಾಳೆಯಾಗಲ್ಲ. ಕಂಪನಿ ಸರ್ವಿಸ್ ಸೆಂಟರಿನ ಹಳೇ ಬಿಲ್ಲುಗಳಲ್ಲಿ ದಿನಾಂಕದ ಜೊತೆ ಕಿಲೋಮೀಟರ್ ಇರುತ್ತೆ, ಅದನ್ನು ಕೇಳಿ.

ಕೊನೆಗೆ ನಿಮ್ಮ ನಂಬಿಕೆಯ ಮೆಕ್ಯಾನಿಕ್ಕಿಗೆ ಸಾವಿರ ಎರಡು ಸಾವಿರ ಕೊಟ್ಟು ಜ್ಯಾಕ್ ಮೇಲೆ ಎತ್ತಿಸಿ ನೋಡಿ. ಮಾರುವವನು ಕರೆತಂದ ಮೆಕ್ಯಾನಿಕ್ ಬೇಡ. ಮಾರುವವನು ಇದಕ್ಕೆ ಒಪ್ಪದಿದ್ದರೆ ಅದೇ ನಿಮ್ಮ ಉತ್ತರ.

ಬಜೆಟ್ ಬಿಟ್ಟುಕೊಟ್ಟರೆ 2019ರ ಜುಲೈ ನಂತರ ತಯಾರಾದ ಕಾರು ಹುಡುಕಿ. ಆ ವರ್ಷ ಏಪ್ರಿಲ್‌ನಿಂದ ಎಬಿಎಸ್, ಜುಲೈಯಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದವು. ಅಲಾಯ್ ಚಕ್ರಕ್ಕಿಂತ ಅವು ಮುಖ್ಯ.

ಹೆಸರು ಬದಲಾಗದಿದ್ದರೆ ಗಾಡಿ ನಿಮ್ಮದಲ್ಲ

ನಮ್ಮ ಕಡೆ ಒಂದು ಕೆಟ್ಟ ಅಭ್ಯಾಸ: ಸಹಿ ಹಾಕಿದ ಖಾಲಿ ಫಾರಂ ಇಸ್ಕೊಂಡು ವರ್ಷಗಟ್ಟಲೆ ಗಾಡಿ ಓಡಿಸೋದು. ಇದು ಇಬ್ಬರಿಗೂ ಅಪಾಯ. ನವೀನ್ ಕುಮಾರ್ ವರ್ಸಸ್ ವಿಜಯ್ ಕುಮಾರ್ ಪ್ರಕರಣದಲ್ಲಿ 2007ರಲ್ಲೇ ಮಾರಿದ ಕಾರು ಹಲವು ಕೈ ದಾಟಿತ್ತು, 2009ರಲ್ಲಿ ಅಪಘಾತವಾಯಿತು. ಆರ್‌ಸಿಯಲ್ಲಿ ಇನ್ನೂ ಮೊದಲಿನವರ ಹೆಸರೇ ಇತ್ತು. ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಹೇಳಿತು. ಕೊಂಡವರಿಗೂ ಸಮಾಧಾನವಿಲ್ಲ: ವಿಮೆ ನಿಮ್ಮ ಹೆಸರಿಗೆ ಬಾರದಿದ್ದರೆ ನಿಮ್ಮ ಗಾಡಿಗಾದ ನಷ್ಟಕ್ಕೆ ಕ್ಲೇಮ್ ಸಿಗೋದು ಕಷ್ಟ.

ಆದ್ದರಿಂದ ಫಾರಂ 29 ಮತ್ತು 30ಕ್ಕೆ ಸಹಿಯಾದ ದಿನವೇ ಅರ್ಜಿ ಹಾಕಿ. ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕು ಅಂತ ಕಾಯ್ದೆಯ 50ನೇ ಸೆಕ್ಷನ್ ಹೇಳುತ್ತೆ. ವಿಮೆಯ ವರ್ಗಾವಣೆಗೆ 14 ದಿನ. ಸರ್ಕಾರಿ ಶುಲ್ಕ ಕೆಲವೇ ನೂರು ರೂಪಾಯಿ. ಹಳೆಯ ಮಾಲೀಕರ ಫಾಸ್ಟ್ಯಾಗ್ ಮುಚ್ಚಿಸಿ ಹೊಸದು ಹಾಕಿಸಿ. ದುಡ್ಡನ್ನು ಬ್ಯಾಂಕ್ ಮೂಲಕವೇ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹಾಕಿ. ಒಂದು ಒಪ್ಪಂದ ಪತ್ರದಲ್ಲಿ ದಿನಾಂಕ, ಗಂಟೆ, ಕಿಲೋಮೀಟರ್, "ಗಾಡಿ ಮುಳುಗಿಲ್ಲ, ಸಾಲವಿಲ್ಲ" ಅನ್ನುವ ಮಾತು ಬರೆಸಿಕೊಳ್ಳಿ.

ಡೀಲರ್ ಮೂಲಕ ಕೊಳ್ಳುತ್ತಿದ್ದರೆ ಅವರ ಬಳಿ ಆರ್‌ಟಿಒ ಅಧಿಕಾರಪತ್ರ ಇದೆಯೇ ಕೇಳಿ. 2023ರ ಏಪ್ರಿಲ್‌ನಿಂದ ಇದಕ್ಕೆ ಕೇಂದ್ರದ ನಿಯಮವಿದೆ. ಡೀಲರ್ ಮೋಸ ಮಾಡಿದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಆದರೆ ವ್ಯಾಪಾರಿಯಲ್ಲದ ಸಾಮಾನ್ಯ ವ್ಯಕ್ತಿ ತನ್ನ ಕಾರು ಮಾರಿದ್ದಾದರೆ ಆ ದಾರಿ ಸಾಮಾನ್ಯವಾಗಿ ಇಲ್ಲ, ಪೊಲೀಸ್ ದೂರು ಅಥವಾ ಸಿವಿಲ್ ಕೋರ್ಟು. ಆಗ ನಿಮ್ಮನ್ನು ಕಾಯೋದು ಆ ಒಪ್ಪಂದ ಪತ್ರವೊಂದೇ.

ಕೊನೆಗೆ

ತಮ್ಮ ಎರಡು ತಿಂಗಳು ಕಾದ. ಚಾಮರಾಜನಗರದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಕೆಎ-10 ಪೆಟ್ರೋಲ್ ಕಾರು ಸಿಕ್ಕಿತು. ಬಾಗಿಲಿಗೆ ಗೀರು, ಟೈರು ಹಳೇದು, ಆದರೆ ಮೊದಲ ಸರ್ವಿಸಿನಿಂದ ಹಿಡಿದು ಎಲ್ಲ ಬಿಲ್ಲೂ ಒಂದು ಫೈಲಿನಲ್ಲಿತ್ತು. ಟೈರಿನ ದುಡ್ಡು ಕಳೆದು 2 ಲಕ್ಷ 45 ಸಾವಿರಕ್ಕೆ ಮಾತಾಯಿತು. ಮೇಷ್ಟ್ರೇ ಆರ್‌ಟಿಒಗೆ ಜೊತೆಯಲ್ಲಿ ಬಂದರು.

ಈಗ ಚಿಕ್ಕಮ್ಮ ಮೈಸೂರಿನಿಂದ ಹೊತ್ತಿಗೆ ಸರಿಯಾಗಿ ಮನೆ ಸೇರ್ತಾರೆ. ಅದೇ ದಾರಿಯಲ್ಲಿ ಕೈ ಅಡ್ಡ ಹಾಕಿದವರನ್ನೂ ತಮ್ಮ ಹತ್ತಿಸಿಕೊಳ್ತಾನೆ. ಕಾರು ಬಂತು ಅಂತ ಬಸ್ಸಿನ ಅರ್ಜಿ ಕೈಬಿಟ್ಟಿಲ್ಲ. ಕಡೇ ಬಸ್ಸನ್ನು ಒಂದು ಗಂಟೆ ತಡವಾಗಿ ಬಿಡಿ ಅಂತ ಊರಿನವರು ಸಹಿ ಹಾಕಿದ ಮನವಿಯಲ್ಲಿ ಮೊದಲ ಹೆಸರು ಅವನದೇ.